ಲೀಟರಿಗೆ ಹನ್ನೆರಡು

ಅವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಭಾಲ್ಕಿಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡವರು ನನಗೂ ಫೋನ್ ಮಾಡಿದ್ದರು. ‘ನಿಮ್ದು ಅವರ್ದು ಹಳೀ ದೋಸ್ತಿ ಅದರಿ, ಬಂದು ಎರಡ ಮಾತ ಹೇಳಬೇಕು’ ಎಂದರು. ಮೊಣಕಾಲು ನೋವೆಂದು ತಪ್ಪಿಸಿಕೊಂಡೆ. ನೋವು ಸುಳ್ಳಲ್ಲ, ಆದರೆ ಬೀದರಿನಿಂದ ಭಾಲ್ಕಿಗೆ ಹೋಗಿಬರಲಾಗದಷ್ಟೇನೂ ಇಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕಾದ ಸಭೆಯಲ್ಲಿ ನನ್ನ ಬಾಯಿಗೆ ಕೆಲಸವಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ. ಭಾಲ್ಕಿ, ಔರಾದ ಕಡೆ ‘ಮಾಲಕರು’ ಎಂದರೆ ಸಾಕು, ಹೆಸರಿಗಿಂತ ಮೊದಲು ಆ ದೊಡ್ಡ ಕಪ್ಪು ಗಾಡಿ ಜನರ ಕಣ್ಣ ಮುಂದೆ ಬರುತ್ತದೆ.

ನಾನು ಔರಾದದ ಬಸ್ ಡಿಪೊದಲ್ಲಿ, ಡೀಸೆಲ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾವ ಬಸ್ಸು ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು, ಯಾವ ಡ್ರೈವರ್ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಡೀಸೆಲ್ ಸುಟ್ಟ, ಇದನ್ನು ನೋಡುವುದರಲ್ಲೇ ನನ್ನ ಆಯುಷ್ಯ ಹೋಯಿತು. ಒಗ್ಗರಣೆಗೆ ಎಣ್ಣೆ ಸ್ವಲ್ಪ ಹೆಚ್ಚಾದರೂ ನನ್ನ ಹುಬ್ಬು ಗಂಟಿಕ್ಕುತ್ತದೆ ಎಂದು ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಇಂಥವನ ಎದುರಿಗೆ ಕುಳಿತು ಒಬ್ಬ ಮನುಷ್ಯ ವರ್ಷಗಟ್ಟಲೆ ‘ನನ್ನ ಗಾಡಿ ಹನ್ನೆರಡು ಕೊಡ್ತದ’ ಎಂದು ಹೇಳುತ್ತ ಬಂದ. ನನ್ನ ಸಿಟ್ಟು ಎಂಥದೆಂದು ತಿಳಿಯಲು ಇಷ್ಟು ಸಾಕು.

ಹುಡುಗಾಟದ ದಿನಗಳಲ್ಲಿ ನಾವಿಬ್ಬರೂ ಭಾಲ್ಕಿಯಲ್ಲಿ ಒಂದೇ ಖೋಲಿಯಲ್ಲಿದ್ದೆವು. ಆಗ ನಾನು ಅವರನ್ನು ‘ನೀ’ ಎನ್ನುತ್ತಿದ್ದೆ. ಅವರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದಲ್ಲಾಳಿಯೊಬ್ಬರ ಕೈಕೆಳಗಿದ್ದರು, ಒಂದು ಹಳೆಯ ಸ್ಕೂಟರಿನ ಮೇಲೆ ಹಳ್ಳಿ ತಿರುಗುತ್ತಿದ್ದರು. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡಿ, ಬಗ್ಗಿ ಕುಳಿತು, ಶರ್ಟಿಗೆ ಗಾಳಿ ತುಂಬಿಕೊಂಡು ಇಳಿಯುತ್ತಿದ್ದರು. ಸಂಜೆ ಬಂದು ಇವತ್ತು ಲೀಟರಿಗೆ ಎಷ್ಟು ಬಂತು ಎಂದು ಹೇಳುತ್ತಿದ್ದರು. ಆ ಅಂಕಿ ನಿಜವಾಗಿರುತ್ತಿತ್ತು. ನಾನೇ ಒಮ್ಮೆ ಪರೀಕ್ಷೆ ಮಾಡಿ ನೋಡಿ ಬೆನ್ನು ತಟ್ಟಿದ್ದೆ. ಸ್ಕೂಟರ್ ಅಂದು ಅವರಿಗೆ ಕೊಟ್ಟ ಆ ಮರ್ಯಾದೆಯನ್ನು ಅವರು ಮುಂದೆ ಎಲ್ಲ ಗಾಡಿಗಳಿಂದಲೂ ಕೇಳಿದರು. ಕೊಡದಿದ್ದರೆ ತಾವೇ ಬಾಯಲ್ಲಿ ಮಾಡಿಕೊಂಡರು.

ಆಮೇಲೆ ಕಬ್ಬಿನ ಲಾರಿ, ಔರಾದದ ಹೊರಗೆ ಕಲ್ಲಿನ ಕ್ರಷರ್, ಬರ ಬಿದ್ದಾಗ ನೀರಿನ ಟ್ಯಾಂಕರಿನ ಗುತ್ತಿಗೆ. ಬರ ಬಂದರೆ ಕೆಲವರಿಗೆ ಸುಗ್ಗಿ. ಮಾಂಜ್ರಾ ನದಿ ಎರಡು ಬೇಸಿಗೆ ಪೂರ್ತಿ ಒಣಗಿ, ಔರಾದ ತಾಲೂಕಿನ ಅರ್ಧ ಜನ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿದ್ದ ಕಾಲದಲ್ಲೇ ಅವರು ಆ ಗಾಡಿ ತಂದರು. ಕಾಡು, ಬೆಟ್ಟ, ನದಿ ಯಾವುದಕ್ಕೂ ಹೆದರದ ವಿದೇಶಿ ಗಾಡಿ. ಒಳಗೆ ಚರ್ಮದ ಸೀಟು, ಕುಳಿತರೆ ಎದ್ದೇಳಲು ಮನಸ್ಸಾಗದು. ಮುಂದಿನ ಗಾಜಿನ ಪಕ್ಕದಲ್ಲಿ ಮೇಲಕ್ಕೆ ಹೋದ ಒಂದು ಕಪ್ಪು ಕೊಳವೆ. ಅದೇನೆಂದು ಕೇಳಿದೆ.

‘ನದಿ ದಾಟಬೇಕಾದ್ರ ಎಂಜಿನ್ ಉಸಿರಾಡ್ಲಾಕರಿ. ಎದಿಮಟ ನೀರಿದ್ರೂ ಹೋಗ್ತದ.’

‘ಎದಿಮಟ ನೀರು ಎಲ್ಲದರಿ ಮಾಲಕರ?’ ಎಂದೆ. ಆ ವರ್ಷ ಮಾಂಜ್ರಾವನ್ನು ಚಪ್ಪಲಿ ಬಿಚ್ಚದೆ ದಾಟಬಹುದಿತ್ತು. ಅವರು ಶಲ್ಯದ ತುದಿಯಿಂದ ಬಾನೆಟ್ಟಿನ ಧೂಳು ಒರೆಸಿದರು. ಅಂದಿನಿಂದ ನಾನು ‘ನೀವು’ ಎನ್ನತೊಡಗಿದೆ. ಅಷ್ಟು ಎತ್ತರದ ಗಾಡಿಯಲ್ಲಿ ಕುಳಿತವರನ್ನು ಕೆಳಗಿನಿಂದ ‘ನೀ’ ಎನ್ನಲು ನಾಲಿಗೆ ಹೊರಳುವುದಿಲ್ಲ.

ನಮ್ಮ ಕಡೆ ಹೊಸ ಗಾಡಿ ಕಂಡರೆ ಜನ ಮೊದಲು ಕೇಳುವುದು ‘ಎವರೇಜ್ ಎಷ್ಟ ಕೊಡ್ತದ್ರಿ?’ ಎಂದು. ಕೊಳ್ಳುವ ಯೋಚನೆ ಯಾರಿಗೂ ಇರುವುದಿಲ್ಲ, ಮನೆಯಲ್ಲಿ ಎಲ್ಲ ಅರಾಮಾ ಎಂದು ಕೇಳಿದಂತೆ ಅದು. ಇಂಥ ಗಾಡಿ ಇಟ್ಟುಕೊಂಡವರು ‘ಕುಡೀತದಪ್ಪ’ ಎಂದು ನಕ್ಕು ಬಿಡಬಹುದು. ಅದರಲ್ಲೂ ಒಂದು ಠೀವಿ ಇದೆ. ಮಾಲಕರು ಹಾಗೆ ನಗಲಿಲ್ಲ. ಮೊದಲ ವಾರ ‘ಹತ್ತು’ ಎಂದರು. ದೀಪಾವಳಿಯ ಹೊತ್ತಿಗೆ ಹನ್ನೆರಡಾಯಿತು. ಅವರ ಸುತ್ತ ಇರುತ್ತಿದ್ದ ಮಂದಿ ‘ಹೈವೇದಾಗ ಹದಿನಾಕು’ ಎಂದು ಸೇರಿಸುತ್ತಿದ್ದರು. ಕೂಡ್ರುವ ಮಂದಿ ಹೆಚ್ಚಾದಂತೆಲ್ಲ ಎವರೇಜೂ ಹೆಚ್ಚಾಗುವ ಗಾಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಮ್ಮೆ ಬೀದರಿನಿಂದ ಔರಾದಕ್ಕೆ ನನ್ನನ್ನು ಕೂಡಿಸಿಕೊಂಡು ಹೊರಟರು. ಬೀದರ್ ಇರುವುದು ಎತ್ತರದ ಮೇಲೆ. ಊರು ಬಿಟ್ಟೊಡನೆ ರಸ್ತೆ ಮಾಂಜ್ರಾ ಬಯಲಿಗೆ ಇಳಿಯುತ್ತದೆ. ಇಳಿಜಾರು ಶುರುವಾಗುವ ಕಡೆ ಅವರು ಮುಂದಕ್ಕೆ ಬಾಗಿ ಒಂದು ಗುಂಡಿ ಒತ್ತಿದರು. ಎವರೇಜ್ ತೋರಿಸುವ ಪರದೆಯ ಮೇಲೆ ಸೊನ್ನೆ ಬಂತು. ಗಾಡಿ ತನ್ನ ಭಾರಕ್ಕೆ ತಾನೇ ಜಾರುತ್ತ ಕೆಳಗೆ ಮುಟ್ಟಿದಾಗ ನನ್ನ ತೊಡೆ ತಟ್ಟಿದರು.

‘ನೋಡ್ರಿ ಡಿಪೊ ಸಾಹೇಬರ, ಇಪ್ಪತ್ತೊಂದು.’

‘ಇಳಕಲದಾಗ ಕಲ್ಲ ಉರುಳಿಸಿದ್ರ ಅದೂ ಕೊಡ್ತದರಿ’ ಎಂದೆ. ‘ಟ್ಯಾಂಕ್ ಬಾಯಿಮಟ ತುಂಬಸ್ರಿ, ಔರಾದಕ್ಕ ಹೋಗಿ ಬರ್ರಿ, ತಿರುಗಿ ಬಾಯಿಮಟ ತುಂಬಸ್ರಿ. ಎಷ್ಟ ಹಿಡೀತದ ಅದು ಲೆಕ್ಕ.’

‘ನಿಮ್ದು ಸರ್ಕಾರಿ ಲೆಕ್ಕ. ಬಸ್ಸಿಗಿ ಖರೇ. ಇದರಾಗ ಕಂಪ್ಯೂಟರ್ ಅದ.’

ವಾಪಸು ಬರುವಾಗ ಅದೇ ಏರಿನಲ್ಲಿ ಪರದೆಯ ಮೇಲೆ ಅಂಕಿ ಬದಲು ದಿಕ್ಸೂಚಿ ಬಂದಿತ್ತು. ಉತ್ತರ ಎಲ್ಲಿದೆ, ದಕ್ಷಿಣ ಎಲ್ಲಿದೆ ಎಂದು ಬೀದರಿನವನಿಗೆ ಬೀದರಿನಲ್ಲಿ ತೋರಿಸಿದರು.

ಇದು ಬರೀ ಬಾಯಿಮಾತಾಗಿದ್ದರೆ ನಾನು ನಕ್ಕು ಮರೆಯುತ್ತಿದ್ದೆ. ಅವರು ಅದನ್ನು ನಂಬಿದ್ದರು, ಕೇಡು ಅಲ್ಲಿಯೇ ಇತ್ತು. ಕ್ರಷರಿನ ಅಂಗಳದಲ್ಲಿ ಲಾರಿಗಿಷ್ಟು, ಟ್ಯಾಂಕರಿಗಿಷ್ಟು ಎಂದು ದಿನದ ಓಡಾಟ ನೋಡಿ ಮುನ್ಶಿ ಡೀಸೆಲ್ ಅಳೆದು ಕೊಡುತ್ತಿದ್ದ. ಈ ಗಾಡಿಗೂ ಹಾಗೇ ಆಗಬೇಕೆಂದು ಮಾಲಕರ ಹುಕುಂ, ಲೀಟರಿಗೆ ಹನ್ನೆರಡರ ಪ್ರಕಾರ. ಗಾಡಿ ಕೊಡುತ್ತಿದ್ದುದು ಐದು. ಉಳಿದ ದಾರಿಗೆ ಡೀಸೆಲ್ ಎಲ್ಲಿಂದ ಬರಬೇಕೆಂದು ಅವರು ಕೇಳಲಿಲ್ಲ. ಅವರ ಲೆಕ್ಕದಲ್ಲಿ ಉಳಿದ ದಾರಿ ಎಂಬುದೇ ಇರಲಿಲ್ಲ.

ಆ ದಾರಿ ಇದ್ದದ್ದು ಡ್ರೈವರ್ ಇಸ್ಮಾಯಿಲನಿಗೆ. ಬೀದರಿನ ಹಳೆ ಊರಿನವನು, ತೆಳ್ಳಗಿನ ಮೈ, ಮಾತು ಕಡಿಮೆ. ಮಾಲಕರು ಚಪ್ಪಲಿ ಕೆಳಗೆ ಬಿಟ್ಟು ಗಾಡಿ ಹತ್ತುತ್ತಿದ್ದರು. ಅದನ್ನು ಎತ್ತಿಡುವುದೂ ಅವನ ಕೆಲಸವೇ. ಅವರು ಇಳಿದದ್ದೇ ತಡ ಎ.ಸಿ. ಬಂದ್ ಮಾಡಿ, ಗಾಳಿ ಗಾಡಿಯನ್ನು ತಡೆಯದಿರಲೆಂದು ಕಿಟಕಿ ಏರಿಸಿಕೊಂಡು, ಬೆವರು ಸುರಿಸುತ್ತ ಹಗುರ ಕಾಲಿನಿಂದ ಓಡಿಸುತ್ತಿದ್ದ. ಆದರೂ ಸಾಲುತ್ತಿರಲಿಲ್ಲ. ಡಿಪೊ ಎದುರಿನ ಹೋಟೆಲಿನಲ್ಲಿ ನಾವು ಚಹಾ ಕುಡಿಯುವಾಗ ಒಂದು ಶನಿವಾರ ಅವನೇ ಹೇಳಿದ.

‘ಮುನ್ಶಿ ಲೆಕ್ಕದ ಮ್ಯಾಲ ಡೀಸೆಲ್ ಕೊಡ್ತಾನ ಸಾಬ್. ಮಾಲಕ್‌ಗಿ ಹೇಳ್ಬ್ಯಾಡ ಅಂತಾನ.’

‘ಯಾವುದರಾಗಿಂದ ಕೊಡ್ತಾನ?’

‘ಟ್ಯಾಂಕರ್‌ದಾಗಿಂದ.’

ಆ ಟ್ಯಾಂಕರ್ ಹೋಗುತ್ತಿದ್ದದ್ದು ಚಿಂತಾಕಿಯ ಆಚೆ ಇರುವ ನಮ್ಮ ವಾಡಿಗೆ, ಸಣ್ಣ ಹಳ್ಳಿ ಅದು. ನನ್ನ ತಂಗಿ ಪ್ರಮೀಳಾ ಅಲ್ಲಿ ಅಂಗನವಾಡಿ ನಡೆಸುತ್ತಿದ್ದಳು. ಟ್ಯಾಂಕರಿನ ಬೆಳಗಿನ ಸುತ್ತು ಮನೆಗಳಿಗೂ ದನಗಳಿಗೂ ಮುಗಿದುಹೋಗುತ್ತಿತ್ತು. ಮಧ್ಯಾಹ್ನದ ಸುತ್ತು ಬಂದರೆ ಅವಳ ಡ್ರಮ್ಮು ತುಂಬಿ ಮರುದಿನದ ಅಡುಗೆಯಾಗುತ್ತಿತ್ತು. ಕೆಲ ದಿನಗಳಿಂದ ಮಧ್ಯಾಹ್ನದ ಸುತ್ತು ನಿಂತಿತ್ತು. ಟ್ಯಾಂಕರ್ ಡ್ರೈವರ್ ಕಳ್ಳನೆಂದು ಒಬ್ಬನನ್ನು ತೆಗೆದರು, ಹೊಸಬ ಬಂದ, ಸುತ್ತು ಬರಲಿಲ್ಲ. ಪ್ರಮೀಳಾ ಮನೆಮನೆಗೆ ಹೋಗಿ ತಂಬಿಗೆ ನೀರು ಬೇಡಿ ಅನ್ನ ಬೇಯಿಸುತ್ತಿದ್ದಳು. ಬಾಗಿಲು ಹಾಕಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ತಾಯಿತಂದೆ ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಹೈದರಾಬಾದಿಗೆ ಹೋಗಿದ್ದದ್ದು ಅಂಗನವಾಡಿಯಲ್ಲಿ ಊಟವಾಗುತ್ತದೆಂಬ ಧೈರ್ಯದಿಂದ. ಅದು ಮುಚ್ಚಿದರೆ ಮಕ್ಕಳನ್ನು ಕಟ್ಟಡದ ಜಾಗಕ್ಕೇ ಒಯ್ಯುತ್ತಿದ್ದರು. ಹಿಂದಿನ ವರ್ಷ ಹಾಗೆ ಒಯ್ದ ಒಂದು ಹೆಣ್ಣುಮಗು ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ಬಿದ್ದು ಸತ್ತಿತ್ತು. ಪ್ರಮೀಳಾ ಅದರ ಫೋಟೊವನ್ನು ಇನ್ನೂ ಗೋಡೆಯಿಂದ ತೆಗೆದಿರಲಿಲ್ಲ.

ಇದನ್ನೆಲ್ಲ ಇಸ್ಮಾಯಿಲನಿಗೆ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟ.

‘ಯಾರ ನೀರಂತ ಗೊತ್ತಿರಲಿಲ್ಲ ಸಾಬ್. ನಾಳಿಂದ ನಕ್ಕೋ, ಬ್ಯಾಡ. ಹನ್ನೆರಡರ ಮ್ಯಾಲ ಒಂದ ಹನಿ ತಗೊಳಂಗಿಲ್ಲ.’

ಮರುದಿನ ಭಾನುವಾರ. ನಾನು ವಾಡಿಗೆ ಹೋದೆ. ಮಧ್ಯಾಹ್ನದ ಬಿಸಿಲಿಗೆ ಮಾಲಕರೂ ಬಂದರು, ಬರ ನೋಡಲು. ಬರ ನೋಡಲು ಬರುವವರಿಗೆ ಆ ವರ್ಷ ಬರ ಇರಲಿಲ್ಲ. ಜೊತೆಗೆ ನಾಲ್ಕು ಮಂದಿ, ಒಬ್ಬ ಫೋಟೊದವನು. ರಸ್ತೆ ಇದ್ದರೂ ಬಿಟ್ಟು ಹೊಲದ ಹೆಂಟೆಗಳ ಮೇಲೆ ಹತ್ತಿಸಿಕೊಂಡು ಬಂದು ನಿಂತರು. ಅಂಗನವಾಡಿ ಮುಂದೆ ಕುರ್ಚಿ ಹಾಕಿದೆವು. ಪ್ರಮೀಳಾ ಖಾಲಿ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಳು.

‘ಮಧ್ಯಾಹ್ನದ ಟ್ಯಾಂಕರ್ ಯಾಕ ಬರವಲ್ದರಿ? ಮಕ್ಕಳ ಅಡಗಿ ಹ್ಯಾಂಗ ಮಾಡ್ಲಿ?’

‘ಡ್ರೈವರ್ ಸೂಳೇಮಕ್ಕಳು ಡೀಸೆಲ್ ತಿಂತಾರಮ್ಮ’ ಎಂದರು ಮಾಲಕರು. ‘ನಾ ಏನ್ ಕಮ್ಮಿ ಕೊಡ್ತೇನೇನು?’

ನನಗೆ ತಡೆಯಲಾಗಲಿಲ್ಲ. ‘ಡ್ರೈವರ್ ತಿಂದಿಲ್ಲರಿ ಮಾಲಕರ. ನಿಮ್ಮ ಗಾಡಿ ಕುಡದದ. ಇದು ಲೀಟರಿಗಿ ಐದು ಕೊಡ್ತದ. ಉಳದದ್ದು ಟ್ಯಾಂಕರಿಂದು.’

ಕಳ್ಳ ಎಂದಿದ್ದರೆ ಅವರು ನಗುತ್ತಿದ್ದರು. ಗುತ್ತಿಗೆದಾರರಿಗೆ ಆ ಮಾತು ಹೊಸದಲ್ಲ. ಐದು ಎಂದದ್ದು ಎದೆಗೆ ಹತ್ತಿತು. ಮುಖ ಕೆಂಪಾಯಿತು, ಕುರ್ಚಿಯಿಂದ ಎದ್ದರು.

‘ಬಸ್ಸಿನಾಗ ದುಡದವ್ನಿಗಿ ಬಸ್ಸಿನ ಬುದ್ಧಿ. ಕೊಡ ತರ್ರಿ. ಎಲ್ಲಾರೂ ತರ್ರಿ. ಇದೇ ಗಾಡಿದಾಗ ಚಿಂತಾಕಿ ಬೋರಿಂದ ನೀರ ತರಸ್ತೇನಿ. ಎಷ್ಟ ಸುತ್ತ ಬೇಕಾದ್ರೂ ಹೊಡೀತದ. ಇಸ್ಮಾಯಿಲ್, ನಡಿ.’

‘ಮಾಲಕ್, ಡೀಸೆಲ್ ಸಾಲಂಗಿಲ್ಲ.’

‘ಹನ್ನೆರಡು ಕೊಡ್ತದ. ಸಾಲ್ತದ.’

ಚರ್ಮದ ಸೀಟಿನ ಮೇಲೆ ಪ್ಲಾಸ್ಟಿಕ್ ಕೊಡಗಳು ಕುಳಿತವು. ಫೋಟೊ ತೆಗೆದರು. ಮೊದಲ ಸುತ್ತು ಬಂತು, ಪ್ರಮೀಳಾಳ ಡ್ರಮ್ಮಿಗೆ ನೀರು ಬಿದ್ದ ಸದ್ದು ಕೇಳಿ ಮಕ್ಕಳು ಓಡಿ ಬಂದರು. ಎರಡನೇ ಸುತ್ತಿಗೆ ಮಾಲಕರೇ ಮುಂದಿನ ಸೀಟಿನಲ್ಲಿ ಕುಳಿತು ಹೊರಟರು, ನನ್ನನ್ನೂ ಹಿಂದೆ ಕೊಡಗಳ ಜೊತೆ ಹತ್ತಿಸಿಕೊಂಡರು. ತುಂಬಿದ ಕೊಡಗಳೊಂದಿಗೆ ವಾಪಸು ಬರುವಾಗ ಗಾಡಿ ಎರಡು ಸಲ ಕೆಮ್ಮಿತು, ರಸ್ತೆಯ ಮಧ್ಯೆ ನಿಂತಿತು.

ಎ.ಸಿ. ನಿಂತ ಮೇಲೆ ಆ ಗಾಡಿಯ ಒಳಗೆ ಕೂಡ್ರುವುದೆಂದರೆ ಕುದಿಯುವುದೇ. ಮಾಲಕರ ಕೂದಲಿಗೆ ಹಚ್ಚಿದ್ದ ಕಪ್ಪು ಬೆವರಿನ ಜೊತೆ ಕಿವಿಯ ಪಕ್ಕದಲ್ಲಿ ಇಳಿಯುತ್ತಿತ್ತು. ಆದರೂ ಅವರು ಇಳಿಯಲಿಲ್ಲ. ವಾಡಿಯ ಹೆಂಗಸರು ಕಾದು ಕಾದು ನಡೆದೇ ಬಂದರು, ಬಾಗಿಲು ತೆಗೆದು ತಮ್ಮ ತಮ್ಮ ಕೊಡ ಇಳಿಸಿಕೊಂಡು ಹೋದರು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಮಾಲಕರಿಗೆ ಬೈಯಲಾದರೂ ಆಗುತ್ತಿತ್ತು. ಆಮೇಲೆ ನಮ್ಮ ಡಿಪೊದ ಬಸ್ಸು ಬಂತು, ಕಿಕ್ಕಿರಿದು, ಮೇಲೆ ಎರಡು ಸೈಕಲ್ಲು, ಒಂದು ಕೋಳಿ ಬುಟ್ಟಿ. ಮಾಲಕರು ಹತ್ತಿದರು. ಕಂಡಕ್ಟರ್ ಔರಾದದ ಟಿಕೆಟು ಹರಿದು ಕೊಟ್ಟ. ನಮ್ಮ ಬಸ್ಸೂ ಕೊಡುವುದು ಐದೇ. ಅಂದು ಅವರನ್ನೂ ಸೇರಿಸಿಕೊಂಡು ಐದು ಕೊಟ್ಟಿತು.

ಅಲ್ಲಿಗೇ ಮುಗಿದಿದ್ದರೆ ಇದನ್ನು ಹೇಳಿ ನಗಬಹುದಿತ್ತು. ನಾನು ಎರಡು ದಿನ ನಕ್ಕೆ ಕೂಡ. ಮೂರನೆಯ ದಿನ ಮುನ್ಶಿ ವಾಡಿಗೆ ಬಂದ. ಮಾಲಕರ ಮಾತು ಇಷ್ಟು: ಗಾಡಿ ನಿಂತದ್ದು ಇಸ್ಮಾಯಿಲ್ ಡೀಸೆಲ್ ಮಾರಿಕೊಂಡದ್ದರಿಂದ. ಪ್ರಮೀಳಾ ಅದನ್ನು ತಾನು ಕಂಡೆ ಎಂದು ಪಂಚಾಯ್ತಿಯಲ್ಲಿ ಎಲ್ಲರ ಮುಂದೆ ಹೇಳಬೇಕು. ಹೇಳಿದರೆ ಮರುದಿನದಿಂದ ಎರಡೂ ಸುತ್ತು ಟ್ಯಾಂಕರ್ ಬರುತ್ತದೆ. ಇಲ್ಲದಿದ್ದರೆ ಟ್ಯಾಂಕರ್ ರಿಪೇರಿಗೆ ಹೋಗುತ್ತದೆ, ಯಾವಾಗ ಬರುತ್ತದೋ ಗೊತ್ತಿಲ್ಲ.

ಪ್ರಮೀಳಾ ಆಗದು ಎಂದಳು. ಟ್ಯಾಂಕರ್ ರಿಪೇರಿಗೆ ಹೋಯಿತು. ನಾನು ಸಂಬಂಧಪಟ್ಟವರಿಗೆ ಹೇಳಿದೆ. ಅವರು ಮಾಲಕರನ್ನು ಕೇಳಿ ತಿಳಿದುಕೊಂಡು, ರಿಪೇರಿಯಲ್ಲಿದೆ ಎಂದು ನನಗೇ ತಿಳಿಸಿದರು. ಹೈದರಾಬಾದಿನಿಂದ ಫೋನುಗಳು ಶುರುವಾದವು. ‘ಅಮಾಸಿಗಿ ಬಂದು ಮಕ್ಕಳ್ನ ಕರಕೊಂಡು ಹೋಗ್ತೇವಿ ಬಾಯಿ’ ಎಂದರು. ಪ್ರಮೀಳಾ ನನಗೆ ಫೋನ್ ಮಾಡಿ ಅತ್ತಳು. ‘ಅಣ್ಣಾ, ಒಂದ ಸುಳ್ಳಿಗಿ ಇಷ್ಟ ಮಕ್ಕಳು ಉಳೀತಾವ. ಆದ್ರ ಆ ಡ್ರೈವರ್ ಮನಿಷ್ಯಾನ ಮಾರಿ ನೋಡಿ ಹ್ಯಾಂಗ ಹೇಳ್ಲಿ?’ ಎಂದಳು. ಒಬ್ಬನ ಬಡಾಯಿಗೆ ಇಷ್ಟು ಶಕ್ತಿ ಇರುತ್ತದೆಂದು ತಿಳಿದು ಆ ದಿನ ನನಗೆ ಮೈ ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತಿದೆ.

ಇದು ಇಸ್ಮಾಯಿಲನ ಕಿವಿಗೆ ಬಿತ್ತು. ನಾನು ಹೇಳಿರಲಿಲ್ಲ. ಅವನು ಯಾರನ್ನೂ ಕೇಳದೆ ಬೆಳಿಗ್ಗೆ ಕ್ರಷರಿನ ಅಂಗಳಕ್ಕೆ ಹೋಗಿ, ಲಾರಿಯವರು, ಕೂಲಿಯವರು, ಮಾಲಕರ ನಾಲ್ಕು ಮಂದಿ ಎಲ್ಲರ ಮುಂದೆ ನಿಂತು ಹೇಳಿದನಂತೆ: ‘ನಾನೇ ಮಾರಿಕೊಂಡೇನಿ. ಗಾಡಿ ಹನ್ನೆರಡು ಕೊಡ್ತದ.’ ಮಾಲಕರು ಅವನ ಹೆಗಲ ಮೇಲೆ ಕೈಯಿಟ್ಟು, ಪೊಲೀಸರಿಗೆ ಕೊಡುವುದಿಲ್ಲ ಹೋಗು ಎಂದು ದೊಡ್ಡಸ್ತಿಕೆ ತೋರಿಸಿದರಂತೆ. ಸಭೆಯಲ್ಲಿ ಇದನ್ನೂ ಯಾರೋ ಅವರ ಉದಾರತನ ಎಂದು ನೆನೆದರಂತೆ. ಕೇಳಿದಾಗ ನಾನು ಹೋಗದೆ ಒಳ್ಳೆಯದು ಮಾಡಿದೆ ಎನಿಸಿತು.

ಕಳ್ಳ ಎನಿಸಿಕೊಂಡ ಡ್ರೈವರಿಗೆ ಬೀದರಿನಲ್ಲಿ ಯಾರೂ ಸ್ಟಿಯರಿಂಗ್ ಕೊಡುವುದಿಲ್ಲ. ಅವನೂ ಹೈದರಾಬಾದಿನ ಬಸ್ಸು ಹತ್ತಿದ. ಔರಾದದ ನಿಲ್ದಾಣದಲ್ಲಿ ನಾನು ಅವನ ಚೀಲ ಹಿಡಿದುಕೊಂಡು ನಿಂತಿದ್ದೆ. ಬಸ್ಸಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ನಿಜ ಹೇಳಿಬಿಡುತ್ತೇನೆ ಎಂದೆ. ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡ.

‘ನಕ್ಕೋ ಸಾಬ್. ನೀವು ಹೇಳಿದ್ರ ಟ್ಯಾಂಕರ್ ತಿರುಗಿ ನಿಂದರ್ತದ. ನಿನ್ನಿ ಎರಡ ಸುತ್ತ ಬಂತೇನು?’

‘ಬಂತು.’

‘ಬಹನ್ ಬಾಗಿಲ ತೆರದಾರಾ?’

‘ತೆರದಾಳ. ಮಕ್ಕಳು ಉಂಡಾವ.’

‘ಹಂಗಾರ ಸುಮ್ಮ ಇರ್ರಿ’ ಎಂದು ಹತ್ತಿ ಕುಳಿತ.

ಸುಮ್ಮನಿದ್ದೆ. ಮಾಲಕರು ಇದ್ದಷ್ಟು ಕಾಲವೂ ಯಾವುದಾದರೊಂದು ಬರದಲ್ಲಿ ಯಾವುದಾದರೊಂದು ವಾಡಿಗೆ ಅವರ ಟ್ಯಾಂಕರು ಹೋಗುತ್ತಲೇ ಇತ್ತು. ಈಗ ಅವರಿಲ್ಲ, ಟ್ಯಾಂಕರು ನಿಲ್ಲಿಸುವವರೂ ಇಲ್ಲ. ಔರಾದದಲ್ಲಿ ಇವತ್ತಿಗೂ ಕೆಲವರು ಇಸ್ಮಾಯಿಲನ ಹೆಸರು ಬಂದರೆ ಡೀಸೆಲ್ ಕಳ್ಳ ಎನ್ನುತ್ತಾರೆ. ಅವರು ಇದನ್ನು ಓದಲಿ. ನಾನು ಬದುಕಿಡೀ ಡೀಸೆಲ್ ಅಳೆದವನು, ತೂಗಿ ಹೇಳುತ್ತಿದ್ದೇನೆ: ಆ ಗಾಡಿ ಲೀಟರಿಗೆ ಐದು ಕೊಡುತ್ತಿತ್ತು. ಇಸ್ಮಾಯಿಲ್ ಕದ್ದಿಲ್ಲ.